ತ್ಯಾಂಪಣ್ಣ ರೈ ಮತ್ತು ಮನೆಯವರು

ಬೆಳ್ಳಾರೆ ಪೇಟೆಯಲ್ಲಿ ಮೋಹಿನಿಯ ಹೊಲಿಗೆ ಅಂಗಡಿಗೆ ಹೋಗಬೇಕಾದರೆ ಇಪ್ಪತ್ತೆರಡು ಮೆಟ್ಟಿಲು ಹತ್ತಬೇಕು. ಕೆಳಗೆ ಬೇಕರಿ, ಮೇಲೆ ಅವಳು. ಹದಿನಾರು ವರ್ಷ ಅವಳು ಆ ಮೆಟ್ಟಿಲುಗಳನ್ನು ಎಣಿಸಿರಲೇ ಇಲ್ಲ. ಎಣಿಸುವ ಅಗತ್ಯ ಬಿದ್ದದ್ದು ಈ ವರ್ಷ. ಚೌತಿಯ ಹೊತ್ತಿಗೆ ಹದಿನೈದನೆಯದರಲ್ಲಿ ಒಮ್ಮೆ ನಿಲ್ಲಬೇಕಾಯಿತು. ದೀಪಾವಳಿಗೆ ಹನ್ನೊಂದರಲ್ಲಿ. ಈಗ ಎಂಟರಲ್ಲಿ.

ಎಂಟನೆಯ ಮೆಟ್ಟಿಲಲ್ಲಿ ನಿಂತು ಅವಳು ಚೀಲದಿಂದ ಮೊಬೈಲ್ ತೆಗೆಯುತ್ತಿದ್ದಳು. ಬಹಳ ಮುಖ್ಯವಾದದ್ದನ್ನು ಓದುವವಳ ಹಾಗೆ ಹುಬ್ಬು ಗಂಟು ಹಾಕುತ್ತಿದ್ದಳು. ಎದೆಯೊಳಗೆ ಯಾರೋ ಮೆಷಿನ್ನಿನ ಪೆಡಲ್ ತುಳಿಯುತ್ತಿರುವ ಸದ್ದು ಸ್ವಲ್ಪ ಇಳಿದ ಮೇಲೆ ಮೊಬೈಲನ್ನು ಒಳಗಿಟ್ಟು ಉಳಿದ ಹದಿನಾಲ್ಕು ಹತ್ತುತ್ತಿದ್ದಳು.

"ಮೋಹಿನಿಯಕ್ಕ, ದಿನಾ ಇದೇ ಹೊತ್ತಿಗೆ ನಿಮಗೆ ಮೆಸೇಜ್ ಕಳಿಸುದು ಯಾರು ಮಾರಾಯ್ರೆ?" ಎಂದು ಬೇಕರಿಯ ಲತೀಶ್ ಕೆಳಗಿನಿಂದ ಕೇಳುತ್ತಿದ್ದ.

"ಯಮ," ಎಂದು ಅವಳು ಒಂದು ದಿನ ಹೇಳಿದಳು. ಲತೀಶ್ ನಕ್ಕ. ಅವಳೂ ನಕ್ಕಳು. ಆದರೆ ಮೇಲೆ ಹೋಗಿ ಮೆಷಿನ್ನಿನ ಮುಂದೆ ಕೂತ ಮೇಲೆ, ಆ ಮಾತನ್ನು ತಾನು ಅಷ್ಟು ಸಲೀಸಾಗಿ ಹೇಗೆ ಹೇಳಿದೆ ಎಂದು ಅವಳಿಗೇ ಸಣ್ಣ ಹೆದರಿಕೆಯಾಯಿತು.

ಡಾಕ್ಟರಿಗೆ ತೋರಿಸಿಲ್ಲವೆಂದಲ್ಲ. ಮೂರು ಸಲ ತೋರಿಸಿ ಆಗಿತ್ತು. ಸರಿಯಾಗಿ ಹೇಳುವುದಾದರೆ, ಗಂಡ ತ್ಯಾಂಪಣ್ಣ ರೈಗಳು ಅವಳನ್ನು ಮೂರು ಸಲ ತೋರಿಸಿದ್ದರು.

ಬೆಳ್ಳಾರೆಯ ಡಾಕ್ಟರ್ ತೀರ್ಥರಾಮ ಅವರದ್ದು ಹಳೆಯ ಪದ್ಧತಿ. ಅವರು ರೋಗಿಯ ಹೆಸರು ಕೇಳುವವರಲ್ಲ, "ಯಾವ ಮನೆ?" ಎಂದು ಕೇಳುವವರು. ಒಂದು ಮನೆಗೆ ಒಂದೇ ಕಾರ್ಡ್. ಕಾರ್ಡಿನ ತಲೆಯಲ್ಲಿ ಯಜಮಾನರ ಹೆಸರು, ಅದರ ಕೆಳಗೆ ಆ ಮನೆಯಲ್ಲಿ ಯಾರಿಗೆ ಏನಾದರೂ ತಾರೀಖಿನ ಎದುರು ಒಂದೊಂದು ಸಾಲು. ಮೋಹಿನಿಯ ಮನೆಯ ಹಳದಿ ಕಾರ್ಡಿನ ಮೇಲೆ ಹದಿನೆಂಟು ವರ್ಷದಿಂದ ಇದ್ದದ್ದು "ತ್ಯಾಂಪಣ್ಣ ರೈ ಮತ್ತು ಮನೆಯವರು". ಯಾವ ಸಾಲು ಯಾರದ್ದೆಂಬುದು ಡಾಕ್ಟರ ನೆನಪಿನಲ್ಲಿತ್ತು. ಡಾಕ್ಟರಿಗೆ ಈಗ ಎಪ್ಪತ್ತೆಂಟು.

ಕಾರ್ಡು ಯಾರ ಹೆಸರಿನಲ್ಲಿದೆಯೋ ಮಾತೂ ಅವರದ್ದೇ. ತ್ಯಾಂಪಣ್ಣ ರೈಗಳು ಸಹಕಾರಿ ಸಂಘದಲ್ಲಿ ಮೂವತ್ತು ವರ್ಷ ಕಾರ್ಯದರ್ಶಿಯಾಗಿ ನಿವೃತ್ತರಾದವರು. ವರದಿ ಮಂಡಿಸುವುದು ಅವರಿಗೆ ಊಟವಿದ್ದ ಹಾಗೆ. ಡಾಕ್ಟರ ಮುಂದಿನ ಸ್ಟೂಲಿನಲ್ಲಿ ತಾವೇ ಕೂತು, ಕೊಡೆಯನ್ನು ಎರಡು ಕಾಲಿನ ನಡುವೆ ಊರಿ, ಗಂಟಲು ಸರಿಮಾಡಿಕೊಂಡು ಶುರುಮಾಡುತ್ತಿದ್ದರು.

"ಇವಳಿಗೆ ಡಾಕ್ಟ್ರೇ, ಬೆಳಿಗ್ಗೆ ಎದ್ದ ಕೂಡಲೇ ಒಂದು ಸುಸ್ತು. ಮತ್ತೆ ಮೆಟ್ಟಿಲು ಹತ್ತುವಾಗ ಏದುಸಿರು. ಅದು ಗ್ಯಾಸೇ. ಈ ಹೊಲಿಗೆಯವರು ಬಗ್ಗಿ ಬಗ್ಗಿ ಕೂರುದಲ್ಲ, ಹೊಟ್ಟೆಯ ಗ್ಯಾಸ್ ಮೇಲೆ ಬಂದು ಎದೆಗೆ ಒತ್ತುದು. ನಮ್ಮ ಸಂಘದ ಅಟೆಂಡರಿಗೂ ಹೀಗೇ ಇತ್ತು."

ಬಾಗಿಲ ಬಳಿಯ ಬೆಂಚಿನಲ್ಲಿ ಕೂತ ಮೋಹಿನಿಗೆ ಆಗೆಲ್ಲ ಒಂದೇ ನೆನಪು ಬರುತ್ತಿತ್ತು. ಅವಳ ಅಂಗಡಿಗೆ ಕೆಲವು ಗಂಡಸರು ಹೆಂಡತಿಯ ರವಿಕೆ ಬಟ್ಟೆ ತಂದುಕೊಡುತ್ತಾರೆ. "ಅಳತೆ?" ಎಂದರೆ, ಗಾಳಿಯಲ್ಲಿ ಎರಡು ಕೈಯನ್ನು ಹಲಸಿನಹಣ್ಣು ಹಿಡಿದಂತೆ ಹಿಡಿದು, "ಹೀಗೆ... ಇಷ್ಟು ಇದ್ದಾಳೆ," ಎನ್ನುತ್ತಾರೆ. ಅವಳು ಬಟ್ಟೆ ಮಡಚಿ ವಾಪಸು ಕೊಟ್ಟು, "ಹಾಕಿಕೊಳ್ಳುವವರನ್ನೇ ಕಳಿಸಿ," ಎನ್ನುತ್ತಾಳೆ. ಅಲ್ಲಿ ಅಷ್ಟು ಖಡಾಖಂಡಿತವಾಗಿ ಹೇಳುವ ಬಾಯಿ ಇಲ್ಲಿ ಬೆಂಚಿನ ಮೇಲೆ ಸುಮ್ಮನಿರುತ್ತಿತ್ತು.

ಯಾಕೆಂದರೆ ಹೇಳಬೇಕಾದದ್ದು ಗ್ಯಾಸಿನ ವಿಷಯವಲ್ಲ. ನಲವತ್ತೇಳನೆಯ ವಯಸ್ಸಿನಲ್ಲಿ ನಿಲ್ಲಬೇಕಾದ ಮುಟ್ಟು ನಿಲ್ಲದೆ, ಐದು ತಿಂಗಳಿನಿಂದ ಕಟ್ಟೆ ಒಡೆದ ಹಾಗೆ ಹೋಗುತ್ತಿತ್ತು. ಹತ್ತು ದಿನ, ಹದಿಮೂರು ದಿನ. ಗಂಡನ ಎದುರು ಆ ವಿಷಯಕ್ಕೆ ಆ ಮನೆಯಲ್ಲಿ ಶಬ್ದವೇ ಇರಲಿಲ್ಲ. ಇದ್ದದ್ದು ಒಂದು ಸನ್ನೆ ಮಾತ್ರ: ಅವಳು ದೇವರ ದೀಪದ ಬತ್ತಿಯನ್ನು ಅವರ ಮುಂದೆ ಇಟ್ಟರೆ, ಈ ದಿನದಿಂದ ದೀಪ ನೀವು ಹಚ್ಚಿ ಎಂದು ಅರ್ಥ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವರು ಒಮ್ಮೆಯೂ ಏನೆಂದು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಈಚೆಗೆ ತಿಂಗಳಲ್ಲಿ ಅರ್ಧ ದಿನ ದೀಪ ತಾವೇ ಹಚ್ಚುತ್ತಿದ್ದೇವೆ ಎಂಬುದು ತ್ಯಾಂಪಣ್ಣ ರೈಗಳಿಗೆ ಗೊತ್ತಿತ್ತೋ ಇಲ್ಲವೋ. "ಈಗೀಗ ನನಗೆ ಸ್ವಲ್ಪ ಭಕ್ತಿ ಹೆಚ್ಚಾಗಿದೆ," ಎಂದು ಅವರು ಯಾರೊಡನೆಯೋ ಹೇಳಿದ್ದನ್ನು ಮಾತ್ರ ಅವಳು ಕೇಳಿಸಿಕೊಂಡಿದ್ದಳು.

ಮೂರೂ ಸಲ ಡಾಕ್ಟರ್ ತೀರ್ಥರಾಮರು ಕಾರ್ಡಿನಲ್ಲಿ "ಗ್ಯಾಸ್" ಎಂದು ಬರೆದು ಗುಲಾಬಿ ಬಣ್ಣದ ಟಾನಿಕ್ ಕೊಟ್ಟಿದ್ದರು. ಅದು ರುಚಿಯಾಗಿತ್ತು. ಅರ್ಧಕ್ಕರ್ಧ ತ್ಯಾಂಪಣ್ಣ ರೈಗಳೇ ಕುಡಿದಿದ್ದರು.

ಕುಂಞಿಪಾತುಮ್ಮ ಬಂದದ್ದು ಒಂದು ಸೋಮವಾರ. ಅರುವತ್ತೈದು ದಾಟಿದ ಆಕೆ ಮೊಮ್ಮಗಳು ಲೈಲಾಳ ಮದುವೆಯ ಬಟ್ಟೆಯ ಗಂಟನ್ನು ಹೊತ್ತುಕೊಂಡು ಇಪ್ಪತ್ತೆರಡು ಮೆಟ್ಟಿಲನ್ನೂ ಒಂದೇ ಉಸಿರಿಗೆ ಹತ್ತಿ ಬಂದರು. ಬಂದು ನೋಡಿದರೆ ಮೋಹಿನಿ ಮೆಷಿನ್ನಿನ ಮೇಲೆ ತಲೆಯಿಟ್ಟು ಕೂತಿದ್ದಾಳೆ.

"ಎಂತ ಮೋಹಿನೀ, ಗಿರಾಕಿ ಇಲ್ಲ ಅಂತ ಅಳುದಾ?"

"ಇಲ್ಲ ಪಾತುಮ್ಮಕ್ಕ. ಸ್ವಲ್ಪ ಗ್ಯಾಸ್."

ಪಾತುಮ್ಮ ಗಂಟು ಕೆಳಗಿಟ್ಟು, ಬಟ್ಟೆಯ ನೇಯ್ಗೆ ನೋಡುವವರ ಹಾಗೆ ಹೆಬ್ಬೆರಳಿನಿಂದ ಅವಳ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದರು. "ಗ್ಯಾಸಾ? ಒಳಗೆ ನೋಡಿದ್ರೆ ತೊಳೆದ ಕೋರಾ ಬಟ್ಟೆಯ ಹಾಗೆ ಉಂಟು. ಒಂದು ತೊಟ್ಟು ರಕ್ತ ಇಲ್ಲ. ಎಷ್ಟು ದಿನ ಹೋಗ್ತದೆ ನಿನಗೆ?"

ಯಾರೂ ಕೇಳದಿದ್ದ ಪ್ರಶ್ನೆ ಅದು. ಉತ್ತರ ಸಿದ್ಧವಾಗಿತ್ತು. ಮೋಹಿನಿ ಅಳತೆ ಪುಸ್ತಕವನ್ನು ತೆಗೆದು ಹಿಂದಿನಿಂದ ಬಿಡಿಸಿದಳು. ಮುಂದಿನಿಂದ ಊರಿನ ಹೆಂಗಸರ ಅಳತೆ, ಹಿಂದಿನಿಂದ ಅವಳದ್ದೇ. ಶುರುವಾದ ತಾರೀಖು, ನಿಂತ ತಾರೀಖು, ಪಕ್ಕದಲ್ಲಿ ಎಷ್ಟನೆಯ ಮೆಟ್ಟಿಲಲ್ಲಿ ನಿಂತೆ ಎಂಬುದು. ಅಳತೆ ಬರೆದಿಡುವುದು ಅಭ್ಯಾಸ. ಬರೆದರೆ ಯಾರಿಗಾದರೂ ಹೇಳಿದ ಹಾಗೆ ಆಗುತ್ತಿತ್ತು.

ಪಾತುಮ್ಮ ಕನ್ನಡಕ ಹಾಕಿ, ಬೆರಳಿಟ್ಟು ಒಂದೊಂದೇ ಸಾಲು ಓದಿದರು. "ಇದನ್ನು ಡಾಕ್ಟ್ರಿಗೆ ತೋರಿಸಿದ್ಯಾ?"

"ಇವರು ಪಕ್ಕದಲ್ಲೇ ಇರ್ತಾರಲ್ಲ."

"ಹಾಗಾದ್ರೆ ಗಂಡನನ್ನು ಹೊರಗೆ ಕೂರಿಸು! ನನ್ನ ಗರ್ಭಕೋಶದ ಆಪರೇಷನ್ ಆಗುವ ಮುಂಚೆ ನನ್ನ ಗಂಡ ಪೋಕರಾಕನೂ ಹಾಗೇ, ಡಾಕ್ಟ್ರು ನನ್ನ ಹತ್ತಿರ ಕೇಳಿದ್ದಕ್ಕೆಲ್ಲ ತಾನು ಉತ್ರ ಕೊಡುದು. ಬಿಳಿ ಹೋಗ್ತದಾ ಅಂತ ಕೇಳಿದ್ರೆ, ಬಟ್ಟೆ ವ್ಯಾಪಾರದವರಲ್ವಾ, ಬಟ್ಟೆಯ ಬಣ್ಣ ಹೋಗುದು ಅಂತ ಗ್ರಹಿಸಿ, ಇಲ್ಲ ಡಾಕ್ಟ್ರೇ, ನಾನು ಒಳ್ಳೆ ಮಾಲು ತರುದು ಅಂತ ಹೇಳಿದ್ರು. ಅವತ್ತೇ ನಾನು ಹೇಳಿದೆ, ನೀವು ಹೊರಗೆ ಹೋಗಿ ನನ್ನ ಚಪ್ಪಲಿ ನೋಡಿಕೊಳ್ಳಿ, ಹೊಸತು, ಕದ್ದುಕೊಂಡು ಹೋಗ್ತಾರೆ ಅಂತ. ಹೋದ್ರು. ಗಂಡಸರಿಗೆ ಎಂತಾದ್ರೂ ಒಂದು ಕಾಯ್ಲಿಕ್ಕೆ ಕೊಡಬೇಕು ಮೋಹಿನೀ. ಕೊಟ್ರೆ ಪಾಪ, ಕಾಯ್ತಾರೆ."

ಪುತ್ತೂರಿನಲ್ಲಿ ನಾಲ್ಕೈದು ಡಾಕ್ಟರಿರುವ ಕ್ಲಿನಿಕ್ ಇದೆ, ಹೆಂಗಸರಿಗೆ ಡಾಕ್ಟರ್ ಸುಪ್ರಿತಾ ಎಂದು ಹೊಸಬರು, ಅಲ್ಲಿಗೆ ಹೋಗು ಎಂದು ವಿಳಾಸ ಬರೆಸಿದರು. ಆಮೇಲೆ ಮೆಟ್ಟಿಲಿಳಿಯುತ್ತ, "ಲೈಲಾನ ಬಟ್ಟೆ ಹೊಲಿಯದೆ ನೀನು ಸತ್ರೆ ನಾನು ಬಿಡ್ಲಿಕ್ಕಿಲ್ಲ!" ಎಂದು ಬೇಕರಿಯವರಿಗೂ ಕೇಳುವಂತೆ ಕೂಗಿ ಹೇಳಿದರು.

ಪುತ್ತೂರಿಗೆ ಒಬ್ಬಳೇ ಹೋಗಿ ಬರುತ್ತೇನೆಂದರೆ ತ್ಯಾಂಪಣ್ಣ ರೈಗಳು ಒಪ್ಪುವುದುಂಟೇ? "ಅಲ್ಲಿ ನಿನಗೆ ಎಂತ ಹೇಳ್ಲಿಕ್ಕೆ ಗೊತ್ತಾಗ್ತದೆ?" ಎಂದವರೇ, ಹಿಂದಿನ ಸಂಜೆ ತೀರ್ಥರಾಮ ಡಾಕ್ಟರಲ್ಲಿಗೆ ಹೋಗಿ ಹಳದಿ ಕಾರ್ಡನ್ನು ಕೇಳಿ ತಂದರು. "ಹದಿನೆಂಟು ವರ್ಷದ ಹಿಸ್ಟರಿ ಉಂಟು ಇದರಲ್ಲಿ. ಹೊಸ ಡಾಕ್ಟ್ರಿಗೆ ಇದೇ ಮುಖ್ಯ." ಕಾರ್ಡಿಗೆ ಪ್ಲಾಸ್ಟಿಕ್ ಲಕೋಟೆಯನ್ನೂ ಹಾಕಿದರು.

ಮೋಹಿನಿ ಅಳತೆ ಪುಸ್ತಕವನ್ನು ಚೀಲಕ್ಕೆ ಹಾಕಿದಳು. ಹೊಸ ಚಪ್ಪಲಿ ಹಾಕಿದಳು.

ಕ್ಲಿನಿಕ್ಕಿನ ಕೌಂಟರಿನಲ್ಲಿ ತ್ಯಾಂಪಣ್ಣ ರೈಗಳು ಲಕೋಟೆಯನ್ನು ಮುಂದೆ ಸರಿಸಿದರು. ಕಂಪ್ಯೂಟರ್ ಮುಂದಿದ್ದ ಹುಡುಗಿ ತಲೆಯೆತ್ತದೆ ಕಾರ್ಡಿನ ತಲೆಯಲ್ಲಿದ್ದ ಹೆಸರನ್ನು ಹೊಡೆದು, "ವಯಸ್ಸು?" ಎಂದಳು. ತಮ್ಮನ್ನೇ ಕೇಳಿದ್ದೆಂದು ಇವರು, "ಅರುವತ್ತೊಂದು," ಎಂದರು. ಟೋಕನ್ ಬಂತು.

ಕೋಣೆಗಳ ಹೊರಗೆ ಚಪ್ಪಲಿಗಳ ಜಾತ್ರೆ. ಅರ್ಧ ಗಂಟೆ ಕಳೆದ ಮೇಲೆ ನರ್ಸ್ ಬಾಗಿಲಿಗೆ ಬಂದು, "ತ್ಯಾಂಪಣ್ಣ ರೈ ಮತ್ತು... ತ್ಯಾಂಪಣ್ಣ ರೈ ಯಾರು?" ಎಂದು ಕರೆದರು.

ತ್ಯಾಂಪಣ್ಣ ರೈಗಳು ಎದ್ದರು. ಮೂವತ್ತು ವರ್ಷ ಸಭೆಗಳಲ್ಲಿ ಹೆಸರು ಕರೆದಾಗ ಎದ್ದು ಅಭ್ಯಾಸವಾದವರು. ನರ್ಸ್ ಅವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು, ನಿಂತರು. ಕೈ ಚಾಚಿ ಎಂದರು, ಚಾಚಿದರು. ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿಸುವಾಗ ಮಾತ್ರ ಅವರಿಗೆ ಸ್ವಲ್ಪ ಸಂಶಯ ಬಂದು ಹೆಂಡತಿಯತ್ತ ನೋಡಿದರು. ಮೋಹಿನಿಗೆ ನಗು ಒತ್ತರಿಸಿ ಬಂತು. ಆ ನಗುವಿಗೂ ಏದುಸಿರು ಬಂತು.

"ನೂರ ಎಪ್ಪತ್ತು, ನೂರು," ಎಂದರು ನರ್ಸ್ ಗಂಭೀರವಾಗಿ. "ಮಾತ್ರೆ ತೆಕ್ಕೊಳ್ಳುದಿಲ್ವಾ?"

"ಟಾನಿಕ್ ತೆಕ್ಕೊಳ್ತೇನೆ," ಎಂದರು ತ್ಯಾಂಪಣ್ಣ ರೈಗಳು. ಸುಳ್ಳಲ್ಲ.

ಒಳಗೆ ಡಾಕ್ಟರ್ ಸುಪ್ರಿತಾ ಕಾರ್ಡ್ ಓದುತ್ತಿದ್ದರು. ಮೂವತ್ತೈದರ ಆಸುಪಾಸು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಓದುತ್ತ ಓದುತ್ತ ಅವರ ಬಾಯಿಯ ಒಂದು ತುದಿ ಮೇಲೆ ಹೋಗುತ್ತಿತ್ತು. ತ್ಯಾಂಪಣ್ಣ ರೈಗಳು ಸ್ಟೂಲಿನಲ್ಲಿ ಕೂತು ಕೊಡೆ ಊರಿದರು.

"ತ್ಯಾಂಪಣ್ಣ ರೈ ಅಂದ್ರೆ ನೀವೇ ಅಲ್ವಾ?" ಎಂದರು ಡಾಕ್ಟರ್. "ನಿಮಗೆ ಎರಡು ಸಾವಿರದ ಏಳರಲ್ಲಿ ಹೆರಿಗೆ ಆಗಿದೆ. ಸಿಸೇರಿಯನ್. ಅದೇ ವರ್ಷ ಪೋಲಿಯೊ ಹನಿ ಹಾಕಿಸಿಕೊಂಡಿದ್ದೀರಿ. ಮರುವರ್ಷ ಎರಡೂ ಮಂಡಿ ಸವೆದಿದೆ. ಎರಡು ಸಾವಿರದ ಹನ್ನೊಂದರಲ್ಲಿ..." ಕಾರ್ಡನ್ನು ಬೆಳಕಿಗೆ ಹಿಡಿದರು. "...ಕೆಚ್ಚಲು ಬಾವು."

"ಅದು ದನಕ್ಕೆ," ಎಂದರು ತ್ಯಾಂಪಣ್ಣ ರೈಗಳು. "ಅವತ್ತು ಪಶು ಡಾಕ್ಟ್ರು ರಜೆ ಇದ್ರು."

"ಮತ್ತೆ ಹೆರಿಗೆ?"

"ಅದು ಇವಳದ್ದು. ಪೋಲಿಯೊ ಮಗಳು ನವ್ಯಾನದ್ದು. ಮಂಡಿ ನಮ್ಮ ಅಮ್ಮನದ್ದು."

"ನಿಮ್ಮದು ಯಾವುದು?"

ತ್ಯಾಂಪಣ್ಣ ರೈಗಳು ಮುಂದಕ್ಕೆ ಬಗ್ಗಿ ಕಾರ್ಡನ್ನು ಮೇಲಿನಿಂದ ಕೆಳಗೆ ಹುಡುಕಿದರು. ಹಿಂದೆ ತಿರುಗಿಸಿದರು. ಹದಿನೆಂಟು ವರ್ಷದಲ್ಲಿ ಅವರದ್ದೆಂದು ಒಂದು ಸಾಲೂ ಇರಲಿಲ್ಲ. ಎಲ್ಲರ ಪರವಾಗಿ ಮಾತಾಡಿ ಬಂದವರ ಕೈಯನ್ನು ಯಾರೂ ಹಿಡಿದು ನೋಡಿರಲಿಲ್ಲ. "ನನಗೆ ಎಂತದೂ ಆಗಿಲ್ಲ ಡಾಕ್ಟ್ರೇ," ಎಂದು ಗಂಟಲು ಸರಿಮಾಡಿಕೊಂಡರು. "ವಿಷಯ ಎಂತ ಅಂದ್ರೆ ಇವಳಿಗೆ ಬೆಳಿಗ್ಗೆ ಎದ್ದ ಕೂಡಲೇ..."

ಬಾಗಿಲ ಬಳಿ ಇಲ್ಲಿಯೂ ಒಂದು ಬೆಂಚಿತ್ತು. ಮೋಹಿನಿ ಅದರ ಮೇಲೆ ಕೂತಿರಲಿಲ್ಲ. ಗ್ಯಾಸ್ ಎಂಬ ಶಬ್ದ ಈಗ ಬಂತು, ಇನ್ನೊಂದು ವಾಕ್ಯದಲ್ಲಿ ಬಂತು ಎಂದು ಕಾಯುತ್ತ ನಿಂತವಳಿಗೆ, ಅದು ಬಂದು ಈ ಡಾಕ್ಟರ ಕೈಯಿಂದಲೂ ಕಾಗದದ ಮೇಲೆ ಬಿದ್ದುಬಿಟ್ಟರೆ ಮುಂದಿನ ಚೌತಿಗೆ ತಾನು ಮೊದಲ ಮೆಟ್ಟಿಲಿನಲ್ಲೇ ನಿಲ್ಲುತ್ತೇನೆ ಎಂದು ಬಹಳ ಸ್ಪಷ್ಟವಾಗಿ ಕಂಡಿತು.

"ನನ್ನ ಚಪ್ಪಲಿ," ಎಂದಳು.

ಇಬ್ಬರೂ ತಿರುಗಿ ನೋಡಿದರು.

"ಹೊಸತು. ಹೊರಗೆ ಅಷ್ಟು ಜನ ಉಂಟು, ಯಾರಾದ್ರೂ ಹಾಕಿಕೊಂಡು ಹೋಗ್ತಾರೆ. ನೀವು ಸ್ವಲ್ಪ ನೋಡಿಕೊಳ್ಳಿ."

"ಈಗಲಾ? ನಾನು ಹೇಳ್ತಾ ಇದ್ದೇನಲ್ಲ..."

"ನಾನು ಹೇಳ್ತೇನೆ. ನೀವು ಚಪ್ಪಲಿ ನೋಡಿ."

ಧ್ವನಿ ದೊಡ್ಡದಾಗಿರಲಿಲ್ಲ. ಹಾಕಿಕೊಳ್ಳುವವರನ್ನೇ ಕಳಿಸಿ ಎನ್ನುವಾಗ ಅಂಗಡಿಯಲ್ಲಿ ಬರುವ ಧ್ವನಿ ಅದು. ತ್ಯಾಂಪಣ್ಣ ರೈಗಳು ಅದನ್ನು ಈವರೆಗೆ ಕೇಳಿರಲಿಲ್ಲ, ಯಾಕೆಂದರೆ ಅವರು ಅಂಗಡಿಯ ಮೆಟ್ಟಿಲು ಹತ್ತಿದವರೇ ಅಲ್ಲ. ಕೊಡೆ ಎತ್ತಿಕೊಂಡು ಎದ್ದು ಹೊರಗೆ ಹೋದರು. ಪಾತುಮ್ಮ ಹೇಳಿದ್ದು ನಿಜ: ಪಾಪ, ಹೋಗುತ್ತಾರೆ.

ಮೋಹಿನಿ ಸ್ಟೂಲಿನಲ್ಲಿ ಕೂತಳು. ಅದು ಇನ್ನೂ ಬೆಚ್ಚಗಿತ್ತು. ಪುಸ್ತಕ ತೆಗೆದು ಗಡಿಬಿಡಿಯಲ್ಲಿ ಮುಂದಿನಿಂದಲೇ ಬಿಡಿಸಿ ಓದಿದಳು: "ಎದೆ ನಲವತ್ತು, ಸೊಂಟ ಮೂವತ್ತಾರು, ತೋಳು ಸಡಿಲ ಬೇಕು..."

"ಯಾರಿಗೆ?" ಎಂದರು ಡಾಕ್ಟರ್.

"ಅಯ್ಯೋ, ಅದು ವಸುಮತಿ ಟೀಚರಿಗೆ. ಇಲ್ಲಿ, ಹಿಂದಿನಿಂದ ಉಂಟು ನನ್ನದು."

ಆಮೇಲೆ ಓದಿದಳು. ಬಾಯಲ್ಲಿ ಹೇಳುವುದಾಗಿದ್ದರೆ ಎಲ್ಲಿ ತಡವರಿಸುತ್ತಿದ್ದಳೋ. ಓದುವುದು ಸುಲಭವಾಯಿತು. ಆಗಸ್ಟ್ ಆರರಿಂದ ಹದಿನೇಳು. ಸೆಪ್ಟೆಂಬರ್ ಒಂದರಿಂದ ಹದಿಮೂರು. ಗಡ್ಡೆ ಗಡ್ಡೆಯಾಗಿ. ಇಪ್ಪತ್ತೆರಡರಲ್ಲಿ ಹದಿನೈದನೆಯ ಮೆಟ್ಟಿಲು, ಹನ್ನೊಂದನೆಯ ಮೆಟ್ಟಿಲು. ಮೂರು ಬಾಟಲಿ ಟಾನಿಕ್, ಅದರಲ್ಲಿ ಒಂದೂವರೆ ತಾನು ಕುಡಿದದ್ದು. ಓದುತ್ತ ಓದುತ್ತ ತನ್ನ ಧ್ವನಿಯೇ ತನಗೆ ಯಾರದ್ದೋ ಕಥೆಯ ಹಾಗೆ ಕೇಳಿ, ಈ ಹೆಂಗಸನ್ನು ಯಾರಾದರೂ ಇಷ್ಟು ಹೊತ್ತಿಗೆ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಬೇಕಿತ್ತಲ್ಲ ಎಂದು ಅನಿಸಿತು.

ಡಾಕ್ಟರ್ ಸುಪ್ರಿತಾ ಪೆನ್ನು ತೆಗೆದರು. ಹೊರಗೆ ಇನ್ನೂ ಮೂವತ್ತು ಟೋಕನ್ನುಗಳಿದ್ದವು. "ಈ ವಯಸ್ಸಲ್ಲಿ ಹೀಗೆ ಹೆಚ್ಚು ಕಡಿಮೆ ಆಗ್ತದೆ ಅಮ್ಮ, ನಿಲ್ಲುವ ಸಮಯ. ಕಬ್ಬಿಣದ ಮಾತ್ರೆ ಬರಿತೇನೆ, ಮೂರು ತಿಂಗಳು ಬಿಟ್ಟು ಬನ್ನಿ."

ಒಂದು ಕ್ಷಣ ಮೋಹಿನಿಗೆ ಎದ್ದುಬಿಡೋಣವೆನಿಸಿತು. ಹೇಳಿ ಆಯಿತಲ್ಲ. ಅಷ್ಟೇ ಸಾಕೆನ್ನುವ ಹೆಂಗಸೊಬ್ಬಳು ಅವಳೊಳಗೆ ಯಾವಾಗಲೂ ಚೀಲ ಹಿಡಿದು ಹೊರಟೇ ಇರುತ್ತಿದ್ದಳು. ಅವಳನ್ನು ಸೆರಗು ಹಿಡಿದು ಕೂರಿಸಿ ಹೇಳಿದಳು:

"ಡಾಕ್ಟ್ರೇ, ಬೇಜಾರು ಮಾಡಿಕೊಳ್ಳಬೇಡಿ. ನಾನು ಹೊಲಿಗೆಯವಳು. ಕಣ್ಣಲ್ಲಿ ನೋಡಿ ಅಂದಾಜಿಗೆ ಹೊಲಿದ ರವಿಕೆ ಒಂದೂ ಸರಿ ಕೂತದ್ದಿಲ್ಲ. ಟೇಪ್ ಹಾಕಿ ನೋಡುವ. ರಕ್ತ ಎಷ್ಟುಂಟು ಅಂತ ಒಂದು ಸಲ ಅಳತೆ ತೆಗೆಯಿರಿ. ಒಳಗೆ ಎಂತಾದ್ರೂ ಉಂಟಾ ಅಂತಲೂ ನೋಡಿ. ಮತ್ತೆ ನೀವು ಹೇಳಿದ ಹಾಗೆ ಮೂರು ತಿಂಗಳಲ್ಲ, ಆರು ತಿಂಗಳು ಬಿಟ್ಟು ಬರ್ತೇನೆ."

ಡಾಕ್ಟರ ಪೆನ್ನು ನಿಂತಿತು. ಅವರು ಮೊದಲ ಸಲ ಸರಿಯಾಗಿ ಅವಳ ಮುಖ ನೋಡಿದರು. ಆಮೇಲೆ ಪಾತುಮ್ಮನ ಹಾಗೆಯೇ ಹೆಬ್ಬೆರಳಿನಿಂದ ಕೆಳರೆಪ್ಪೆ ಎಳೆದರು. "ತಪ್ಪಾಯ್ತು," ಎಂದು ಸಣ್ಣಗೆ ಹೇಳಿ, ಬರೆದ ಹಾಳೆಯನ್ನು ಹರಿದು ಹೊಸತು ತೆಗೆದರು.

ರಿಪೋರ್ಟ್ ಬರುವಾಗ ಮಧ್ಯಾಹ್ನವಾಗಿತ್ತು. ಹಿಮೋಗ್ಲೋಬಿನ್ ಆರು ಪಾಯಿಂಟ್ ನಾಲ್ಕು. ಗರ್ಭಕೋಶದಲ್ಲಿ ನಿಂಬೆ ಗಾತ್ರದ ಎರಡು ಗಡ್ಡೆ. ಹೆದರುವಂಥದ್ದಲ್ಲ, ಆದರೆ ಬಿಡುವಂಥದ್ದೂ ಅಲ್ಲ ಎಂದರು ಡಾಕ್ಟರ್. ಇವತ್ತೇ ಸೇರಿಕೊಂಡು ರಕ್ತ ಹಾಕಿಸಿಕೊಳ್ಳಬೇಕು, ಆಪರೇಷನ್ ವಿಷಯ ಆಮೇಲೆ ಕೂತು ಮಾತಾಡುವ. "ಈ ರಕ್ತದಲ್ಲಿ ನೀವು ಇಪ್ಪತ್ತೆರಡು ಮೆಟ್ಟಿಲು ಹತ್ತಿದ್ದೇ ದೊಡ್ಡದು. ಇನ್ನು ಮೂರು ತಿಂಗಳು ನಾನು ಹೇಳಿದ ಹಾಗೆ ಕಾದಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದರು.

ಹೊರಗೆ ಬೆಂಚಿನಲ್ಲಿ ತ್ಯಾಂಪಣ್ಣ ರೈಗಳು ಮಡಿಲಲ್ಲಿ ಕೊಡೆಯನ್ನೂ ಕೊಡೆಯ ಮೇಲೆ ಹೆಂಡತಿಯ ಚಪ್ಪಲಿಯನ್ನೂ ಇಟ್ಟುಕೊಂಡು ಕೂತಿದ್ದರು. ಪಕ್ಕದವರಿಗೆಲ್ಲ ತಮ್ಮ ಬಿ.ಪಿ. ನೂರ ಎಪ್ಪತ್ತು ಎಂದು ವರದಿ ಮಂಡಿಸಿ ಆಗಿತ್ತು. ಮೋಹಿನಿ ರಿಪೋರ್ಟನ್ನು ಅವರ ಕೈಗೆ ಕೊಟ್ಟಳು.

"ಆರು ಪಾಯಿಂಟ್ ನಾಲ್ಕು. ಎಷ್ಟು ಇರಬೇಕು?" ಎಂದು ಅವರು ಓದಿ ಕೇಳಿದರು.

"ಹನ್ನೆರಡು."

ಅವರು ಕಾಗದದ ಅಂಕಿಯ ಮೇಲೆ ಬೆರಳಿಟ್ಟರು. "ಅಂದ್ರೆ ಅರ್ಧ ಮಾತ್ರ ಉಂಟು," ಎಂದರು. "ಅರ್ಧ ಎಲ್ಲಿ ಹೋಯ್ತು?"

ಮೋಹಿನಿ ಸುತ್ತ ಒಮ್ಮೆ ನೋಡಿದಳು. ಆಮೇಲೆ, ಆ ಮನೆಯಲ್ಲಿ ಇಪ್ಪತ್ತೆರಡು ವರ್ಷ ಇಲ್ಲದಿದ್ದ ಶಬ್ದವನ್ನು ಪುತ್ತೂರಿನ ಬೆಂಚಿನ ಮೇಲೆ ಅವರ ಕಿವಿಯಲ್ಲಿ ಹೇಳಿದಳು. ಎಷ್ಟು ದಿನ, ಎಷ್ಟು ತಿಂಗಳು ಎಂಬುದನ್ನೂ ಹೇಳಿದಳು. ತ್ಯಾಂಪಣ್ಣ ರೈಗಳ ಕಿವಿ ಕೆಂಪಾಯಿತು.

"ಹಾಗಾದ್ರೆ ದೀಪ..." ಎಂದು ಶುರುಮಾಡಿ ನಿಲ್ಲಿಸಿದರು. ತಮ್ಮ ಭಕ್ತಿ ಹೆಚ್ಚಾದದ್ದರ ಲೆಕ್ಕ ಅವರಿಗೆ ಆಗ ಹೊಂದಿರಬೇಕು. "ನನಗೆ ಯಾಕೆ ಹೇಳಲಿಲ್ಲ ನೀನು?"

"ನೀವು ಹೇಳ್ತಾ ಇದ್ರಲ್ಲ," ಎಂದಳು ಮೋಹಿನಿ.



ಸೇರಿಕೊಳ್ಳಲು ಹೊಸ ಫೈಲು ಬೇಕಿತ್ತು. ಕೌಂಟರಿನ ಹುಡುಗಿ, "ಹೆಸರು?" ಎಂದಾಗ ತ್ಯಾಂಪಣ್ಣ ರೈಗಳು ಬಾಯಿ ತೆರೆದು, ಹೆಂಡತಿಯನ್ನು ನೋಡಿ, ಮುಚ್ಚಿದರು.

"ಮೋಹಿನಿ," ಎಂದಳು ಅವಳು. "ನಲವತ್ತೇಳು. ಇವರಿಗೂ ಒಂದು ಬೇರೆ ಫೈಲು ಮಾಡಿ. ಬಿ.ಪಿ. ಉಂಟು, ದೊಡ್ಡ ಡಾಕ್ಟ್ರಲ್ಲಿ ತೋರಿಸ್ಲಿಕ್ಕೆ."

"ಹಾಗಾದ್ರೆ ಅಲ್ಲಿ ನೀನು ಒಟ್ಟಿಗೆ ಬಂದು ಹೇಳು," ಎಂದರು ತ್ಯಾಂಪಣ್ಣ ರೈಗಳು ಅವಳ ಹಿಂದೆ ನಿಂತು, ತಗ್ಗಿದ ಧ್ವನಿಯಲ್ಲಿ. "ನನಗೆ ಎಂತ ಆಗ್ತದೆ ಅಂತ ನನಗೆ ಗೊತ್ತಿಲ್ಲ ಮಾರಾಯ್ತಿ."

"ಬರ್ತೇನೆ. ಆದ್ರೆ ಹೇಳುದು ನೀವೇ. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಹೇಳಿ."

ಇಬ್ಬರೂ ಬೆಂಚಿಗೆ ಮರಳಿದರು. ಹಳದಿ ಕಾರ್ಡು ಲಕೋಟೆಯ ಸಮೇತ ಅವರ ಜೇಬಿನಲ್ಲಿತ್ತು. ಅದನ್ನು ಎಸೆಯುವ ಮನಸ್ಸು ಮೋಹಿನಿಗೂ ಇರಲಿಲ್ಲ. ನವ್ಯಾ ಹುಟ್ಟಿದ್ದು ಅದರಲ್ಲಿತ್ತು, ಅತ್ತೆಯ ಮಂಡಿ ಇತ್ತು, ದನವೂ ಇತ್ತು. ಪಾತುಮ್ಮನಿಗೆ ಫೋನ್ ಮಾಡಬೇಕು, ಲೈಲಾಳ ಬಟ್ಟೆ ಒಂದು ವಾರ ತಡವಾಗುತ್ತದೆ ಎಂದು ಹೇಳಬೇಕು ಎಂದು ಯೋಚಿಸುತ್ತಿರುವಾಗ ನರ್ಸ್ ಮತ್ತೆ ಬಾಗಿಲಿಗೆ ಬಂದರು.

"ಮೋಹಿನಿ ಯಾರು?"

ತ್ಯಾಂಪಣ್ಣ ರೈಗಳು ಅಭ್ಯಾಸಬಲದಿಂದ ಎದ್ದು ನಿಂತರು. ನಿಂತ ಮೇಲೆ ಗೊತ್ತಾಯಿತು. ಕೂರುವುದೋ ಬೇಡವೋ ಎಂದು ಒಂದು ಕ್ಷಣ ಹಾಗೆಯೇ ನಿಂತು, ಹೆಂಡತಿ ಆಗಲೇ ಹಾಕಿಕೊಂಡಿದ್ದ ಚಪ್ಪಲಿಗಳ ಕಡೆ ನೋಡಿದರು.

"ಬಿಚ್ಚಿ ಹೋಗು," ಎಂದು ಕೈ ಚಾಚಿದರು. "ನಾನು ನೋಡಿಕೊಳ್ತೇನೆ."